ಸೆನ್ಸರ್ ಉತ್ತರ ಕೊಡದಾಗ ಡ್ರೈವರ್ ಏನು ಮಾಡುತ್ತದೆ?

ಪ್ರಶ್ನೆ: ನಾನು ಸೋಮವಾರಪೇಟೆಯ ಮನೆಯಿಂದಲೇ ಕೆಲಸ ಮಾಡುವ ಎಂಜಿನಿಯರ್. ಕಾಫಿ ಗೋದಾಮಿನ ಗಾಳಿಯ ತೇವಾಂಶ ಅಳೆಯುವ ಸಣ್ಣ ಲಿನಕ್ಸ್ ಬೋರ್ಡ್ ಒಂದನ್ನು ನಮ್ಮ ತಂಡ ಮಾಡುತ್ತಿದೆ. ಅದರ ಐ2ಸಿ (ಚಿಪ್‌ಗಳು ಎರಡು ವೈರ್‌ಗಳ ಮೇಲೆ ಮಾತಾಡುವ ವ್ಯವಸ್ಥೆ) ಸೆನ್ಸರಿಗೆ ಕರ್ನೆಲ್ ಡ್ರೈವರ್ (ಲಿನಕ್ಸಿನ ತಿರುಳು ಆ ಸೆನ್ಸರನ್ನು ನಡೆಸಲು ಬೇಕಾದ ಕೋಡ್) ಬರೆದವರು ನನಗಿಂತ ಬಹಳ ಹಿರಿಯರು. ರಿವ್ಯೂ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಟೇಬಲ್ ಮೇಲೆ ಎಲ್ಲ ಸರಿಯಾಗಿ ನಡೆಯುತ್ತಿದೆ, ಕೋಡ್ ತಪಾಸಣೆಯ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಕೂಡ ಏನೂ ಹೇಳುತ್ತಿಲ್ಲ. ಇನ್ನು ನಾನು ನೋಡುವುದು ಏನನ್ನು? ತಪ್ಪು ಕಂಡರೆ ಅವರಿಗೆ ಹೇಳುವುದು ಹೇಗೆ?

ಉತ್ತರ: ಚೆಕ್‌ಪ್ಯಾಚ್ ನೋಡುವುದು ಹೆಚ್ಚಾಗಿ ಬರವಣಿಗೆಯ ಶಿಸ್ತನ್ನು. ಟೇಬಲ್ ಮೇಲೆ ನಡೆದದ್ದರಿಂದ ಗೊತ್ತಾಗುವುದೂ ಇಷ್ಟೇ: ಸೆನ್ಸರ್ ಉತ್ತರ ಕೊಟ್ಟಾಗ ಡ್ರೈವರ್ ಸರಿ. ಉತ್ತರ ಕೊಡದಾಗ ಕೋಡ್ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ನೀವು ಮೊದಲು ಓದಿ. ನಿಮ್ಮ ಕಡೆಯ ಮಳೆಗಾಲ ನಿಮಗೇ ಗೊತ್ತು. ಕರೆಂಟ್ ಹೋಗಿ ಬರುತ್ತಿರುತ್ತದೆ, ಕನೆಕ್ಟರ್ ಪಿನ್ನಿಗೆ ಕಿಲುಬು ಹಿಡಿಯುತ್ತದೆ. ಒಣಗಿಸಿ ಮೂಟೆ ಕಟ್ಟಿದ ಕಾಫಿ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುವುದರಿಂದ ಈ ಬೋರ್ಡಿನ ಅಗತ್ಯ ಹೆಚ್ಚು ಬೀಳುವುದೂ ಅದೇ ತಿಂಗಳುಗಳಲ್ಲಿ.

ರೀಡಿಂಗ್ ತೆಗೆದುಕೊಳ್ಳುವ ಸಾಲಿನಿಂದ ಶುರುಮಾಡಿ. ಎಸ್‌ಎಂಬಸ್‌ನಿಂದ (ಐ2ಸಿಯ ಹತ್ತಿರದ ಬಂಧು) ಒಂದು ಬೈಟ್ ಓದುವ ಕರ್ನೆಲ್ ಫಂಕ್ಷನ್ ಹಿಂದಿರುಗಿಸುವುದು ಎಸ್32 ಬೆಲೆಯನ್ನು, ಅಂದರೆ ಮೈನಸ್ಸನ್ನೂ ಹಿಡಿಯಬಲ್ಲ 32 ಬಿಟ್ ಸಂಖ್ಯೆಯನ್ನು. ಓದು ಸರಿಯಾದರೆ 0ರಿಂದ 255ರೊಳಗಿನ ಸಂಖ್ಯೆ, ಕೆಟ್ಟರೆ ಮೈನಸ್ ಎರರ್ ಕೋಡ್. ಇದನ್ನು ಪರೀಕ್ಷಿಸದೆ ನೇರವಾಗಿ ಯು8 (ಮೈನಸ್ ಹಿಡಿಯದ 8 ಬಿಟ್) ವೇರಿಯಬಲ್‌ಗೆ ತುಂಬಿದ್ದಾರೆಯೇ ನೋಡಿ. ಆ ವಿಳಾಸದಲ್ಲಿ ಯಾರೂ ಇಲ್ಲ ಎನ್ನುವ ಇಎನ್‌ಎಕ್ಸ್‌ಐಒ ಎರರ್ ಮೈನಸ್ 6. ಯು8ಗೆ ಬಿದ್ದರೆ ಅದು 256ರಲ್ಲಿ 6 ಕಳೆದು 250 ಆಗುತ್ತದೆ. ಸೆನ್ಸರ್ ಅಳತೆ ಇಡುವ ರಿಜಿಸ್ಟರಿನಲ್ಲಿ 255 ಎಂದರೆ ಶೇ 100 ತೇವಾಂಶ ಎಂದಿಟ್ಟುಕೊಂಡರೆ, ಕಳಚಿಬಿದ್ದ ವೈರ್ ಶೇ 98 ಎಂದು ತೋರಿಸುತ್ತದೆ. ಜುಲೈ ತಿಂಗಳ ಕೊಡಗಿನಲ್ಲಿ ಆ ಸಂಖ್ಯೆಯನ್ನು ಯಾರು ಅನುಮಾನಿಸುತ್ತಾರೆ? ಡ್ರೈವರ್ ನಿಂತುಹೋದರೆ ಯಾರಾದರೂ ಬಂದು ನೋಡುತ್ತಾರೆ. ನಂಬುವಂಥ ಸುಳ್ಳು ಸಂಖ್ಯೆ ಮಾತ್ರ ವಾರಗಟ್ಟಲೆ ಹಾಗೇ ಉಳಿಯುತ್ತದೆ, ಅದಕ್ಕೇ ಇದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ.

ಆಮೇಲೆ ಕಾಯುವ ಲೂಪ್‌ಗಳು. ‘ಅಳತೆ ಮುಗಿಯಿತು’ ಎನ್ನುವ ಬಿಟ್ ಏಳುವವರೆಗೆ ಕೊನೆಯೇ ಇಲ್ಲದ ವೈಲ್ ಲೂಪ್ ಇದ್ದರೆ, ಅದೂ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ) ಹಿಡಿದುಕೊಂಡೇ ಇದ್ದರೆ, ಆ ಸೆನ್ಸರನ್ನು ಓದಲು ಬಂದ ಪ್ರತಿಯೊಂದು ಪ್ರೋಗ್ರಾಂ ಅಲ್ಲೇ ಸಿಕ್ಕಿಬೀಳುತ್ತದೆ. ಟೈಮ್‌ಔಟ್ ಇರುವ, ಅಂದರೆ ಇಂತಿಷ್ಟು ಹೊತ್ತು ಮಾತ್ರ ಕಾಯುವ, ರೆಗ್‌ಮ್ಯಾಪ್ (ರಿಜಿಸ್ಟರ್ ಓದಲು-ಬರೆಯಲು ಕರ್ನೆಲ್ ಕೊಡುವ ಸೌಲಭ್ಯ) ಪೋಲ್ ಮ್ಯಾಕ್ರೋ ಇರುವುದೇ ಇದಕ್ಕಾಗಿ. ಆ ಅವಧಿಯನ್ನು ಸೆನ್ಸರಿನ ಡೇಟಾಶೀಟಿನ ‘ಟಿಪಿಕಲ್’ ಕಾಲಂನಿಂದ ತೆಗೆದುಕೊಳ್ಳದೆ ‘ಮ್ಯಾಕ್ಸಿಮಂ’ ಕಾಲಂನಿಂದಲೇ ತೆಗೆದುಕೊಳ್ಳಬೇಕು.

ಡ್ರೈವರನ್ನು ಕಳಚುವಾಗ ಓಡುವ ರಿಮೂವ್ ಫಂಕ್ಷನ್ ಓದಲು ಸಮಯ ಕೊಡಿ, ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಡೆವ್‌ಎಂ ಹೆಸರಿನ ಫಂಕ್ಷನ್‌ಗಳಿಂದ ಪಡೆದದ್ದನ್ನು ಕರ್ನೆಲ್ ತಾನೇ ಬಿಡುಗಡೆ ಮಾಡುತ್ತದೆ. ಕೊನೆಗೆ ಪಡೆದದ್ದು ಮೊದಲು ಹೋಗುತ್ತದೆ. ಆದರೆ ಇದೆಲ್ಲ ನಡೆಯುವುದು ರಿಮೂವ್ ಮುಗಿದ ಮೇಲೆ. ಇಂಟರಪ್ಟನ್ನು (ಸೆನ್ಸರ್ ಪ್ರೊಸೆಸರನ್ನು ಕರೆಯುವ ಸಂಕೇತ) ಡೆವ್‌ಎಂ ಮೂಲಕ ಪಡೆದು, ಸೆನ್ಸರಿಗೆ ಪವರ್ ಕೊಡುವ ರೆಗ್ಯುಲೇಟರನ್ನು ಮಾತ್ರ ರಿಮೂವ್ ಒಳಗೆ ಕೈಯಾರೆ ಆಫ್ ಮಾಡಿದ್ದರೆ, ಪವರ್ ಹೋದ ಮೇಲೂ ಸ್ವಲ್ಪ ಹೊತ್ತು ಆ ಇಂಟರಪ್ಟಿನ ಹ್ಯಾಂಡ್ಲರ್ (ಸಂಕೇತ ಬಂದಾಗ ಓಡುವ ಕೋಡ್) ಓಡಬಹುದು, ಸತ್ತ ಚಿಪ್ಪಿನ ಜೊತೆ ಮಾತಾಡಲು ಹೋಗಬಹುದು. ರೆಗ್ಯುಲೇಟರನ್ನೂ ಡೆವ್‌ಎಂಗೇ ಒಪ್ಪಿಸಿ, ಇಂಟರಪ್ಟ್ ಕೇಳುವ ಮುಂಚೆಯೇ ಆನ್ ಮಾಡಿದರೆ ಕ್ರಮ ತಾನಾಗಿ ಸರಿಹೋಗುತ್ತದೆ. ‘ಡಿಬಗ್ ಟೆಸ್ಟ್ ಡ್ರೈವರ್ ರಿಮೂವ್’ ಎಂಬ ಕಾನ್ಫಿಗ್ ಆನ್ ಮಾಡಿ ಕರ್ನೆಲ್ ಕಟ್ಟಿದರೆ ಪ್ರೋಬ್ (ಡ್ರೈವರನ್ನು ಸಾಧನಕ್ಕೆ ಜೋಡಿಸುವ ಹಂತ) ಆದ ಕೂಡಲೇ ರಿಮೂವ್ ಮಾಡಿ ಮತ್ತೆ ಪ್ರೋಬ್ ಮಾಡುತ್ತದೆ. ಇಂಥ ಎಷ್ಟೋ ತಪ್ಪುಗಳು ಬೂಟ್ ಆಗುವಾಗಲೇ ಹೊರಬೀಳುತ್ತವೆ.

ಐ2ಸಿ ವ್ಯವಹಾರ ನಿದ್ದೆಗೆ ಹೋಗಬಲ್ಲದ್ದು, ಅಂದರೆ ಉತ್ತರಕ್ಕಾಗಿ ಕಾಯುತ್ತ ನಿಲ್ಲಬಲ್ಲದ್ದು, ಹಾಗಾಗಿ ಇಂಟರಪ್ಟ್ ಬಂದಾಗ ಅದು ಥ್ರೆಡೆಡ್ ಹ್ಯಾಂಡ್ಲರ್‌ನಲ್ಲೇ (ಕಾಯಲು ಅವಕಾಶವಿರುವ ಬಗೆ) ಇರಬೇಕು. ಬೀಗಗಳ ತಪ್ಪು ಬಳಕೆ ಹಿಡಿಯುವ ಲಾಕ್‌ಡೆಪ್ ಮತ್ತು ಕಾಯಬಾರದ ಕಡೆ ಕಾಯುವುದನ್ನು ಹಿಡಿಯುವ ‘ಡಿಬಗ್ ಅಟಾಮಿಕ್ ಸ್ಲೀಪ್’ ಎಂಬ ಕರ್ನೆಲ್ ಕಾನ್ಫಿಗ್‌ಗಳನ್ನು ಆನ್ ಇಟ್ಟು ಓಡಿಸಿದರೆ ಈ ಬಗೆಯ ತಪ್ಪುಗಳು ಸಿಗುತ್ತವೆ. ಕಣ್ಣಿನಲ್ಲೇ ಹುಡುಕುತ್ತ ಕೂರಬೇಡಿ.

ಇನ್ನು ಹಿರಿಯರ ವಿಷಯ. ‘ಇದು ತಪ್ಪು’ ಎಂದು ಬರೆಯುವ ಬದಲು ನಡೆಯಬಹುದಾದ ಘಟನೆಯನ್ನೇ ಬರೆಯಿರಿ: ‘ಸರ್, ಈ ಸಾಲಿಗೆ ಬರುವಷ್ಟರಲ್ಲಿ ವೈರ್ ಕಳಚಿದ್ದರೆ ವ್ಯಾಲ್ಯೂ 250 ಆಗುತ್ತದೆ, ಯೂಸರಿಗೆ 98 ಎಂದು ಹೋಗುತ್ತದೆ ಅಲ್ಲವೇ?’ ಇಲ್ಲಿ ವಾದಕ್ಕೆ ಜಾಗವಿಲ್ಲ, ಅವಮಾನವೂ ಇಲ್ಲ. ಅನುಭವಸ್ಥರಿಗೆ ಇಂಥ ಪ್ರಶ್ನೆ ಬೇಕೇ ಬೇಕು, ತಮ್ಮ ಕೋಡನ್ನು ಹೊಸ ಕಣ್ಣಿನಿಂದ ಓದಲು ಅವರಿಗೇ ಆಗುವುದಿಲ್ಲ. ನಿಮಗೆ ಅರ್ಥವಾಗದ ಭಾಗವಿದ್ದರೆ ‘ಇಂಟರಪ್ಟ್ ಭಾಗವನ್ನು ನಾನು ನೋಡಿಲ್ಲ, ಬೇರೆಯವರು ನೋಡಲಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಕರ್ನೆಲ್ ಪದ್ಧತಿಯಲ್ಲಿ ‘ರಿವ್ಯೂಡ್-ಬೈ’ ಎಂದು ಹೆಸರು ಹಾಕುವುದೆಂದರೆ ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ನನಗೆ ತಿಳಿದಂತೆ ದೊಡ್ಡ ದೋಷ ಉಳಿದಿಲ್ಲ ಎಂದು ಹೇಳಿದಂತೆ.

‘ಟೆಸ್ಟೆಡ್-ಬೈ’ ಕೂಡ ಹಾಕುವುದಾದರೆ ರೀಡಿಂಗ್ ನಡೆಯುತ್ತಿರುವಾಗಲೇ ಎಸ್‌ಡಿಎ (ಐ2ಸಿಯ ಡೇಟಾ) ವೈರ್ ಕಿತ್ತು, ಮತ್ತೆ ಸೇರಿಸಿ, ಆ ಹೊತ್ತಿನ ಕರ್ನೆಲ್ ಲಾಗನ್ನು ರಿವ್ಯೂ ಜೊತೆಗೇ ಕಳಿಸಿ.