ಸಂಪಾದಕರ ಉತ್ತರ: ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ಬನಶಂಕರಿಯ ಓದುಗರೊಬ್ಬರ ಪತ್ರ: 'ಪಾರ್ಶ್ವವಾಯು ಆದ ಅಮ್ಮನನ್ನು ಕನಕಪುರ ರಸ್ತೆಯ ಒಂದು ವೃದ್ಧಾಶ್ರಮದಲ್ಲಿ ಬಿಟ್ಟಿದ್ದೇವೆ. ದುಬಾರಿ ಏರ್ ಬೆಡ್ ಕೊಡಿಸಿದ್ದರೂ ಸೊಂಟದ ಕೆಳಗೆ ಹಾಸಿಗೆ ಹುಣ್ಣಾಗಿದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತಾರೆ ಮ್ಯಾನೇಜರು. ತಪ್ಪು ಯಾರದು? ಅರಿಶಿನ ಹಚ್ಚಬಹುದೇ?'

ಅಮ್ಮಾ, ಮ್ಯಾನೇಜರ ಪರವಾಗಿ ಒಂದು ಮಾತು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಕೊನೆಗಾಲದಲ್ಲಿ ಕೆಲವರಿಗೆ ಎಷ್ಟು ನೋಡಿಕೊಂಡರೂ ಹುಣ್ಣಾಗುವುದುಂಟು. 1989ರಿಂದ ಅದಕ್ಕೆ ಕೆನಡಿ ಹುಣ್ಣು ಅಂತ ಹೆಸರೂ ಇದೆ. ಆದರೆ ನಿಮ್ಮಮ್ಮ ಮೊನ್ನೆ ಹೋಳಿಗೆ ಕೇಳಿ ತಿಂದರು ಅಂತ ನೀವೇ ಬರೆದಿದ್ದೀರಿ. ಅವರನ್ನು ಆ ಲೆಕ್ಕಕ್ಕೆ ಸೇರಿಸುವುದು ಬೇಡ.

'ಇದ್ದದ್ದೇ' ಅನ್ನುವ ವಾದ ಹಳೆಯದು. ಪ್ಯಾರಿಸ್ಸಿನ ಶಾರ್ಕೊ ಅಂಥ ದೊಡ್ಡ ವೈದ್ಯರೇ, ಮಿದುಳು, ಬೆನ್ನುಹುರಿಗೆ ಪೆಟ್ಟಾದವರಿಗೆ ಈ ಹುಣ್ಣು ತಪ್ಪಿದ್ದಲ್ಲ ಅಂತ ನಂಬಿದ್ದರು. ಫ್ಲಾರೆನ್ಸ್ ನೈಟಿಂಗೇಲ್ ಅದಕ್ಕೂ ಮೊದಲೇ, 1859ರಲ್ಲಿ, ಇದು ಸಾಮಾನ್ಯವಾಗಿ ಕಾಯಿಲೆಯ ತಪ್ಪಲ್ಲ, ಆರೈಕೆಯ ತಪ್ಪು ಎಂದು ಬರೆದಿದ್ದರು. ನನ್ನ ಓಟು ಆಕೆಗೆ.

ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಒತ್ತಿಕೊಂಡರೆ ಅಲ್ಲಿ ರಕ್ತ ಓಡುವುದಿಲ್ಲ. ನಾವು ನಿದ್ದೆಯಲ್ಲೂ ಹೊರಳುತ್ತೇವೆ, ಅವರಿಗೆ ಆಗುವುದಿಲ್ಲ. ಅದಕ್ಕೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ರೂಢಿ. ಏರ್ ಬೆಡ್ ಒತ್ತಡ ಕಡಿಮೆ ಮಾಡುತ್ತದೆ, ಸರಿ. ಹೊರಳಿಸುವುದಕ್ಕೆ ಕೈಯೇ ಬೇಕು.

ನನ್ನ ಸೋದರತ್ತೆ ಬಸವನಗುಡಿಯಲ್ಲಿ ಹಾಸಿಗೆ ಹಿಡಿದಿದ್ದಾಗ ಮಾಗಡಿ ಕಡೆಯ ಹೆಂಗಸೊಬ್ಬರು ನೋಡಿಕೊಳ್ಳುತ್ತಿದ್ದರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಯಾವ ಕಡೆ ಮಲಗಿಸಿದ್ದು ಅಂತ 'ಕಿಟಕಿ, ಬೆನ್ನು, ಗೋಡೆ' ಎಂದು ಬರೆದು, ಎದುರಿಗೆ ಗಂಟೆ ಹಾಕೋರು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡೋರು. ಕಪ್ಪು ಮೈಯಲ್ಲಿ ಶುರುವಿನ ಕೆಂಪು ಬೇಗ ಕಾಣುವುದಿಲ್ಲ, ನೋಡಿ. ಆಕೆ ಅಂಗೈ ಹಿಂಬದಿ ತಾಗಿಸಿ, 'ಇಲ್ಲಿ ಬಿಸಿ ಇದೆ ಸಾರ್, ಈ ಕಡೆ ಮಲಗಿಸೋದು ಬೇಡ' ಅನ್ನೋರು. ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿ ಅಂತ ಪಕ್ಕದ ಮನೆಯವರು ಹೇಳಿದರೆ ಒಪ್ಪುತ್ತಿರಲಿಲ್ಲ. ಆಕೆಯೇ ಸರಿ. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಮಾಂಸ ಇನ್ನೂ ಹಾಳು. ಸೊಂಟದ ಕೆಳಗಿಡುವ, ನಡುವೆ ತೂತಿರುವ ರಬ್ಬರ್ ರಿಂಗೂ ಬೇಡ.

ನಿಮ್ಮ ಮೇಲೆ ನನಗೊಂದು ಸಣ್ಣ ಸಿಟ್ಟಿದೆ. ಎರಡು ಪುಟದ ಪತ್ರದಲ್ಲಿ ಬೆಡ್ಡಿನ ಬೆಲೆ ಇದೆ, ಕಂಪನಿಯ ಹೆಸರಿದೆ. ರಾತ್ರಿ ಅಮ್ಮನ ಹತ್ತಿರ ಯಾರಿರುತ್ತಾರೆ ಅನ್ನುವುದೇ ಇಲ್ಲ! ನಿಮ್ಮೊಬ್ಬರನ್ನೇ ಅಂದು ಏನು ಪ್ರಯೋಜನ, ಈ ಊರೇ ಹಾಗಾಗಿದೆ. ಹಿರಿಯರ ವಸತಿಯ ಯಾವ ಬ್ರೋಷರ್ ತೆಗೆದರೂ ಹುಲ್ಲುಹಾಸು, ಯೋಗ ಹಾಲ್, ಲೈಬ್ರರಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಅಂತ ನಾನಂತೂ ಒಂದರಲ್ಲೂ ಓದಿಲ್ಲ. ಗ್ರಾನೈಟ್ ನೆಲಕ್ಕೆ ದುಡ್ಡಿರುತ್ತದೆ. ಹನ್ನೆರಡು ಗಂಟೆ ನಿಂತು ಭಾರದ ಮೈ ಎತ್ತಿ ಹೊರಳಿಸುವವರ ಸಂಬಳಕ್ಕೆ ಮಾತ್ರ ಚೌಕಾಸಿ, ಅದರಲ್ಲೂ ಏಜೆನ್ಸಿಯವರ ಪಾಲು ಬೇರೆ. ಆಮೇಲೆ ಹುಣ್ಣಾದರೆ 'ಆ ಹುಡುಗಿ ಸರಿಯಿಲ್ಲ' ಅನ್ನುತ್ತೇವೆ.

ಅರಿಶಿನ ಬೇಡ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದೂ ಬೇಡ, ಹೊಸದಾಗಿ ಬೆಳೆಯುತ್ತಿರುವ ಚರ್ಮವನ್ನೇ ಅವು ಕೆಡಿಸುತ್ತವೆ. ಸಲೈನಿನಲ್ಲಿ ತೊಳೆದು ಡ್ರೆಸ್ಸಿಂಗ್ ಮಾಡಿಸಿ. ಗಾಳಿಗೆ ಬಿಟ್ಟು ಒಣಗಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹದವಾಗಿ ತೇವ ಉಳಿದ ಗಾಯದ ಮೇಲೆ ಚರ್ಮ ಬೇಗ ಬೆಳೆಯುತ್ತದೆ ಅಂತ 1962ರಲ್ಲೇ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಬರೀ ಗಂಜಿ ಸಾಲದು, ಡಾಕ್ಟರನ್ನು ಕೇಳಿಕೊಂಡು ಮೊಟ್ಟೆ, ಬೇಳೆ ಜಾಸ್ತಿ ಮಾಡಿ. ಗಾಯ ಕಪ್ಪಾದರೆ, ವಾಸನೆ ಬಂದರೆ, ಜ್ವರ ಕಾಣಿಸಿಕೊಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಒಂದು ಸಲ ಭಾನುವಾರ ಮಧ್ಯಾಹ್ನದ ಬದಲು ರಾತ್ರಿ ಹೋಗಿ ನೋಡಿ. ಮಗ್ಗುಲು ಬದಲಿಸಿದ ಚಾರ್ಟ್ ಕೇಳಿ. ಇಡೀ ವಾರದ್ದನ್ನು ಒಂದೇ ಪೆನ್ನಿನಲ್ಲಿ ಒಂದೇ ಸಲಕ್ಕೆ ಕೂತು ಗೀಚಿದ ಹಾಗಿದ್ದರೆ ಅಮ್ಮನಿಗೆ ಬೇರೆ ಜಾಗ ಹುಡುಕಿ. ಇಡೀ ಮಹಡಿಗೆ ಒಬ್ಬಳೇ ಹುಡುಗಿ ಓಡಾಡುತ್ತಿದ್ದರೆ ಅವಳ ಮೇಲೆ ರೇಗಬೇಡಿ, ಮಾಲೀಕರಿಗೆ ಬರೆಯಿರಿ. ಅದರ ಒಂದು ಪ್ರತಿ ನಮಗೂ ಕಳಿಸಿ.

– ಸಂ.