ಬಿದ್ದರೂ ಯಾರೂ ಬೈಯದ ಆಟ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಜುಲೈ ಮಳೆಯಲ್ಲಿ ಸುಂಟಿಕೊಪ್ಪದ ಕಡೆಯ ಗಂಡ ಹೆಂಡತಿ ಮಡಿಕೇರಿಗೆ ನನ್ನ ಹತ್ತಿರ ಸಲಹೆಗೆ ಬಂದರು. ಗಂಡ ಕೂತ ಕೂಡಲೇ ಶುರು ಮಾಡಿದರು. "ಮೇಡಂ, ಇವಳಿಗೆ ಮೊಬೈಲ್ ಗೇಮಿನ ಹುಚ್ಚು ಹಿಡಿದಿದೆ. ವಯಸ್ಸು 46. ರಾತ್ರಿ 11 ಗಂಟೆಗೆ ಕತ್ತಲಲ್ಲಿ ಕೂತು ಆಡ್ತಾಳೆ." ಹೆಂಡತಿ ಒದ್ದೆ ಕೊಡೆ ಕಾಲ ಹತ್ತಿರ ಇಟ್ಟುಕೊಂಡು ಸುಮ್ನೆ ಕೂತಿದ್ದರು.

ಆ ಆಟ ತೋರಿಸಿ ಅಂದೆ. ಆಲ್ಟೋಸ್ ಒಡಿಸ್ಸಿ, 2018ರಲ್ಲಿ ಬಂದದ್ದು, ಮಗಳು ಹಾಕಿಕೊಟ್ಟಿದ್ದಳಂತೆ. ಇವರು ಆಡುವುದು ಅದರ ಝೆನ್ ಮೋಡ್ ಮಾತ್ರ. ಮರಳುಗುಡ್ಡದ ಮೇಲೆ ಒಬ್ಬರು ಜಾರುತ್ತಾ ಹೋಗುತ್ತಾರೆ, ಬೆಳಗಾಗುತ್ತದೆ, ಸಂಜೆಯಾಗುತ್ತದೆ, ಮೆಲ್ಲಗೆ ಸಂಗೀತ. ಅಂಕ ಇಲ್ಲ, ನಾಣ್ಯ ಇಲ್ಲ, ಆಟ ಮುಗಿಯುವುದೂ ಇಲ್ಲ. "ಗೆಲ್ಲೋದಿಲ್ಲ, ಸೋಲೋದಿಲ್ಲ, ಇದೆಂಥ ಆಟ ಮೇಡಂ?" ಗಂಡನ ಪ್ರಶ್ನೆ.

ಆಗ ಹೆಂಡತಿ ಮೊದಲ ಸಲ ಬಾಯಿಬಿಟ್ಟರು. "ಇದರಲ್ಲಿ ಬಿದ್ದರೂ ಎದ್ದು ಹೋಗಬಹುದು. ಯಾರೂ ಬೈಯಲ್ಲ."

ಮನೆಯಲ್ಲಿ ಅತ್ತೆಗೆ ಪಾರ್ಶ್ವವಾಯು ಆಗಿ 2 ವರ್ಷ. ಒಮ್ಮೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು, ಬೈಸಿಕೊಂಡಿದ್ದು ಸೊಸೆ. ಅಂದಿನಿಂದ ಅವರ ಕಿವಿ ಸದಾ ಆ ಕೋಣೆಯ ಕಡೆಗೇ. ಸಂಜೆ ಸ್ವಲ್ಪ ನಡೆದಾಡಿ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಮಳೆಗಾಲದಲ್ಲಿ ತೋಟದ ತುಂಬ ಜಿಗಣೆ, ಕತ್ತಲಾದರೆ ಆನೆ ಭಯ. ಒಂಟಿಯಾಗಿ ಆತುರ ಇಲ್ಲದೆ ಹೋಗಲು ಅವರಿಗೆ ಉಳಿದಿದ್ದ ದಾರಿ ಆ ಆಟವೊಂದೇ.

ಗಂಡನಿಗೆ ನೇರವಾಗಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ ಇರುವುದು ನಿಜ. ಆದರೆ ಅದಕ್ಕೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಖ್ಯ ಆಗಿರಬೇಕು, ಹಾನಿ ಕಂಡರೂ ಬಿಡಲಾಗದಂತಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳಾದರೂ ನಡೆದಿರಬೇಕು. ಇವರು ಅತ್ತೆ ಕರೆದ ಕೂಡಲೇ ಫೋನ್ ಕೆಳಗಿಟ್ಟು ಏಳುತ್ತಾರೆ. ಕಾಯಿಲೆಯ ಲಕ್ಷಣ ನನಗೆ ಕಾಣಲಿಲ್ಲ. ಕಂಡದ್ದು ದಣಿವು, ತುಂಬಾ ಜಾಸ್ತಿ ದಣಿವು.

ಆಟ ಬಿಡಿ ಅಂತ ನಾನು ಹೇಳಲಿಲ್ಲ. 11 ಗಂಟೆಗೆ ಆಡಿದರೆ ನಿದ್ದೆ ಕೆಡುತ್ತದೆ, ಅದನ್ನು ಸಂಜೆ ದೀಪ ಹಚ್ಚಿದ ಮೇಲೆ 20 ನಿಮಿಷಕ್ಕೆ ತನ್ನಿ ಅಂದೆ. ಆ ಹೊತ್ತು ಅತ್ತೆಯ ಹತ್ತಿರ ಗಂಡ ಇರಬೇಕು, ವಾರಕ್ಕೆ 2 ರಾತ್ರಿಯೂ ಅವರದೇ ಪಾಳಿ. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟೆ: ಶಾಂತವಾಗಿ ಕಾಣುವ ಆಟಗಳೆಲ್ಲ ಹೀಗಿರುವುದಿಲ್ಲ. ನಾಳೆ ಬರದಿದ್ದರೆ ಬಹುಮಾನ ಹೋಯ್ತು ಅಂತ ಎಳೆಯುವ ಆಟ ನಿಮ್ಮನ್ನು ಇನ್ನಷ್ಟು ದಣಿಸುತ್ತದೆ, ಅಂಥದ್ದನ್ನು ಹಾಕಿಕೊಳ್ಳಬೇಡಿ. ಗಂಡನ ಮೇಲೆ ಸಿಟ್ಟಿದ್ದಾಗ ಆಟಕ್ಕೆ ಕೂರುವ ಬದಲು ಸಿಟ್ಟನ್ನು ಹೇಳಿಬಿಡಿ ಅಂತಲೂ ಅಂದೆ. ಅದು ಅವರಿಗೆ ಕಷ್ಟವಾಯಿತು, ಇನ್ನೂ ಕಷ್ಟವೇ.

ಒಂದು ತಿಂಗಳ ಮೇಲೆ ಇಬ್ಬರೂ ಮತ್ತೆ ಬಂದರು. ಆಟದ ಸುದ್ದಿಯೇ ಬರಲಿಲ್ಲ. ಗಂಡ ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು, "ಅಮ್ಮನನ್ನ ಎಬ್ಬಿಸಿ ಬಚ್ಚಲಿಗೆ ಕರ್ಕೊಂಡು ಹೋಗಿ ಮತ್ತೆ ಮಲಗಿಸೋಕೆ ಅರ್ಧ ಗಂಟೆ ಬೇಕು ಮೇಡಂ. ನನಗೆ ಗೊತ್ತೇ ಇರಲಿಲ್ಲ."