ಅರ್ಥ ಗೊತ್ತಿದ್ದರೂ ವಿರುದ್ಧ ಪದ ಯಾಕೆ ತಪ್ಪುತ್ತದೆ?

ಪ್ರಶ್ನೆ: ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಪದಗಳ ಅರ್ಥ ಸುಮಾರಾಗಿ ಗೊತ್ತು. ಆದರೂ ವಿರುದ್ಧ ಪದ ಕೇಳಿದರೆ ಹತ್ತರಲ್ಲಿ ನಾಲ್ಕು ತಪ್ಪುತ್ತವೆ. ಇನ್ನೂ ಜಾಸ್ತಿ ಪದ ಬಾಯಿಪಾಠ ಮಾಡಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ತಪ್ಪಿದ ಪ್ರಶ್ನೆಗಳನ್ನೇ ಮತ್ತೆ ತೆಗೆದು ನೋಡಿ. ಎಷ್ಟೋ ಕಡೆ ನೀವು ಗುರುತು ಹಾಕಿರುವುದು ಅದೇ ಅರ್ಥದ ಪದಕ್ಕೆ ಇರಬಹುದು.

'ಫ್ರೂಗಲ್' ತೆಗೆದುಕೊಳ್ಳಿ. ಕೈ ಬಿಗಿಹಿಡಿದು ಖರ್ಚು ಮಾಡುವವರು ಅಂತ ಅರ್ಥ. ಆಯ್ಕೆಗಳು ಥ್ರಿಫ್ಟಿ, ಫ್ರಾಜೈಲ್, ಪೂರ್, ಎಕ್ಸ್‌ಟ್ರಾವಗಂಟ್ ಅಂತಿಟ್ಟುಕೊಳ್ಳಿ. ಥ್ರಿಫ್ಟಿಗೂ ಫ್ರೂಗಲ್‌ನದೇ ಅರ್ಥ. ಅದು ಕಂಡ ಕೂಡಲೇ 'ಇದು ನನಗೆ ಗೊತ್ತು' ಅಂತ ಮನಸ್ಸು ಅಲ್ಲಿಗೇ ಹಾರುತ್ತದೆ, ಯಾಕೆಂದರೆ ಎರಡೂ ಪದಗಳನ್ನು ನೀವು ಒಟ್ಟಿಗೇ ಓದಿರುತ್ತೀರಿ, ಕೇಳಿರುವುದು ವಿರುದ್ಧ ಪದ ಅನ್ನುವುದು ಆ ಗಳಿಗೆಗೆ ಮರೆತೇ ಹೋಗುತ್ತದೆ. ಅದನ್ನು ಅಲ್ಲಿ ಬೇಕಂತಲೇ ಇಟ್ಟಿರುತ್ತಾರೆ. ಫ್ರಾಜೈಲ್ ಸುಮ್ನೆ ಅಕ್ಷರದ ಹೋಲಿಕೆಗೆ ಬಂದದ್ದು. ಪೂರ್ ಸ್ವಲ್ಪ ಎಳೆಯುತ್ತದೆ, ಆದರೆ ದುಡ್ಡು ಇಲ್ಲದಿರುವುದೇ ಬೇರೆ, ಇದ್ದದ್ದನ್ನು ಹಿಡಿದು ಬಳಸುವುದೇ ಬೇರೆ, ಅಲ್ವಾ? ಉಳಿದದ್ದು ಎಕ್ಸ್‌ಟ್ರಾವಗಂಟ್. ನೀರಿನಂತೆ ಖರ್ಚು ಮಾಡುವವರು.

ಹಾಗಾಗಿ ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಳ್ಳಿ. ಪದದ ಅರ್ಥವನ್ನು ಕನ್ನಡದಲ್ಲೇ ಹೇಳಿಕೊಳ್ಳಿ, ಅದರ ವಿರುದ್ಧವನ್ನೂ ಕನ್ನಡದಲ್ಲೇ ಹೇಳಿಕೊಳ್ಳಿ. ಆಮೇಲೆ ಕೈ ತೆಗೆಯಿರಿ. ಈಗ ನೀವು ಹುಡುಕುತ್ತಿರುವುದು ದುಂದುಗಾರನನ್ನು, ಥ್ರಿಫ್ಟಿ ಎದುರಿಗಿದ್ದರೂ ಎಳೆಯುವುದಿಲ್ಲ. ನೀವು ಅಂದುಕೊಂಡದ್ದು ಆಯ್ಕೆಗಳಲ್ಲಿ ಇಲ್ಲವೇ ಇಲ್ಲ ಅಂದರೆ ಆ ಪದಕ್ಕೆ ಇನ್ನೊಂದು ಅರ್ಥ ಇದೆಯಾ ನೋಡಿ. 'ಲೈಟ್'ಗೆ ಹೆವಿ ಕೂಡ ವಿರುದ್ಧ, ಡಾರ್ಕ್ ಕೂಡ ವಿರುದ್ಧ.

ಪದದ ಮುಂದೆ 'ಇನ್' ಇದ್ದರೆ 'ಅಲ್ಲ' ಅಂತಲೇ ಅರ್ಥ ಅನ್ನುವ ನಂಬಿಕೆಯನ್ನು ದಯವಿಟ್ಟು ಬಿಡಿ. ಇನ್‌ವ್ಯಾಲ್ಯುಬಲ್ ಅಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯ, ಅದಕ್ಕೆ ವಿರುದ್ಧ ವರ್ತ್‌ಲೆಸ್. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡಕ್ಕೂ ಬೇಗ ಬೆಂಕಿ ಹತ್ತುವಂಥದ್ದು ಅಂತಲೇ ಅರ್ಥ. ಎನರ್ವೇಟ್ ಕೇಳಿದರೆ ಎನರ್ಜಿ ನೆನಪಾಗುತ್ತದೆ, ಆದರೆ ಅದು ಶಕ್ತಿ ಕುಂದಿಸುವುದು. ವಿರುದ್ಧ ಪದ ಇನ್‌ವಿಗರೇಟ್. ಬಾಯಿಪಾಠ ಮಾಡುವುದೇ ಆದರೆ ಇಂಥ ಮೋಸದ ಪದಗಳನ್ನು ಮಾಡಿ.

ಕೊನೆಗೆ ಎರಡು ಆಯ್ಕೆ ಉಳಿದು ಎರಡೂ ಸರಿ ಅನಿಸಿದರೆ ಪದದ ತೀವ್ರತೆ ಅಳೆಯಿರಿ. 'ಫ್ರೀಜಿಂಗ್'ಗೆ ವಾರ್ಮ್, ಸ್ಕಾರ್ಚಿಂಗ್ ಎರಡೂ ಎದುರಿಗಿವೆ ಅಂದುಕೊಳ್ಳಿ. ಕೊರೆಯುವ ಚಳಿಗೆ ಎದುರು ನಿಲ್ಲುವುದು ಸುಡುವ ಬಿಸಿ, ಬೆಚ್ಚಗಿರುವುದಲ್ಲ. ಸ್ಕಾರ್ಚಿಂಗ್‌ಗೆ ಗುರುತು ಹಾಕಿ.